ಎರಡು ತೇಲುಕೋಟೆಗಳು

“ಗುರುಗಳೇ, ಒಬ್ಬರ ವಸ್ತು ನನ್ನ ಕೈಯಲ್ಲಿ ಹಾಳಾಯಿತು ಎಂದುಕೊಳ್ಳಿ. ಅದಕ್ಕಿಂತ ಒಳ್ಳೆಯದನ್ನು ತಂದು ಅದರ ಜಾಗದಲ್ಲಿಟ್ಟೆ. ಅವರಿಗೆ ಗೊತ್ತೇ ಆಗಲಿಲ್ಲ. ನಷ್ಟವೂ ಆಗಲಿಲ್ಲ. ಆದರೂ ಹೋಗಿ ಹೇಳಿಕೊಳ್ಳಬೇಕೇ?”

ಕೇಳಿದವನು ನಿರುಪಾದಿ. ಮಠಕ್ಕೆ ಬಂದು ನಾಲ್ಕು ವರ್ಷವಾಗಿದ್ದ ಶಿಷ್ಯ. ಗುರುಗಳು ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಹೆಸರುಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಎಂದುಕೊಳ್ಳಿ ಅಂದೆಯಲ್ಲ, ಅದು ಚೆನ್ನಾಗಿದೆ,” ಎಂದರು. “ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಿನ್ನೂ ಏನೂ ಅಂದೇ ಇಲ್ಲ, ನೀನು ಆಗಲೇ ಮುಟ್ಟಿಕೊಂಡೆ. ಕೂತುಕೋ. ರಾಜನ ಕತೆ, ವ್ಯಾಪಾರಿಯ ಕತೆ ಎಲ್ಲ ನಿನಗೆ ಬಾಯಿಪಾಠ. ಆಟದ ಗಾಡಿಗಳ ಕತೆ ಹೇಳುತ್ತೇನೆ. ನಗಬೇಡ.”

ನಿರುಪಾದಿ ನಗಲಿಲ್ಲ. ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಸಂಗ್ರಾಹಕನಿದ್ದ. ಅವನು ಕೂಡಿಡುತ್ತಿದ್ದದ್ದು ನಾಣ್ಯವಲ್ಲ, ಅಂಚೆಚೀಟಿಯಲ್ಲ. ಬೆಂಕಿಪೊಟ್ಟಣದಷ್ಟು ಗಾತ್ರದ ಯುದ್ಧದ ಗಾಡಿಗಳು. ಅವೂ ನಡೆದುಹೋದ ಯುದ್ಧದವಲ್ಲ. ಇನ್ನು ಸಾವಿರಾರು ವರ್ಷದ ಮೇಲೆ, ಬೇರೆ ಬೇರೆ ಗ್ರಹಗಳಲ್ಲಿ ನಡೆಯಬಹುದಾದ ಯುದ್ಧದವು. ಚಕ್ರವೇ ಇಲ್ಲದೆ ತೇಲುವ ಟ್ಯಾಂಕು, ಆರು ಕಾಲಿನಲ್ಲಿ ನಡೆಯುವ ಫಿರಂಗಿ ಗಾಡಿ. ನಲವತ್ತೈದು ವರ್ಷದ ಹಿಂದೆ ಯಾವುದೋ ಪರದೇಶದ ಕಂಪನಿ ಅವನ್ನು ಎರಕ ಹೊಯ್ದು ಮಾರಿತ್ತು. ಹುಡುಗರು ಬಣ್ಣ ಬಳಿದು, ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ಟೇಪು ಹಿಡಿದು ದೂರ ಅಳೆದು, ದಾಳ ಉರುಳಿಸಿ ಯುದ್ಧ ಆಡುತ್ತಿದ್ದರು. ಕಂಪನಿ ಮುಚ್ಚಿತು. ಹುಡುಗರ ತಲೆ ನರೆಯಿತು. ಗಾಡಿಗಳು ಅಟ್ಟ ಸೇರಿದವು. ಅಟ್ಟ ಸೇರಿದ್ದನ್ನು ಹುಡುಕುವವರು ಹುಟ್ಟಿಕೊಂಡರು. ಲೋಕದ ರೀತಿಯೇ ಹಾಗೆ.

ಸಂಗ್ರಾಹಕ ಹುಡುಕುವುದರ ಜೊತೆಗೆ ಸರಿಮಾಡುವುದನ್ನೂ ಕಲಿತಿದ್ದ. ಹಳೆಯ ಬಣ್ಣವನ್ನು ಥಿನ್ನರಿನಲ್ಲಿ ನೆನೆಸಿ ತೆಗೆಯುತ್ತಿದ್ದ. ಸೊಟ್ಟಗಾದ ನಳಿಕೆಯನ್ನು ನೆಟ್ಟಗೆ ಮಾಡುತ್ತಿದ್ದ. ಮುರಿದು ಕಳೆದುಹೋದ ಭಾಗವನ್ನು ಸೀಸ ಕರಗಿಸಿ ಹೊಸದಾಗಿ ಎರೆಯುತ್ತಿದ್ದ. ಆಮೇಲೆ ಮೂರು ಕೂದಲಿನ ಕುಂಚ ಹಿಡಿದು ಬಣ್ಣ ಬಳಿಯುತ್ತಿದ್ದ. ದೂರದೂರದ ಊರುಗಳಿಂದ ಜನ ಅವನಿಗೆ ಗಾಡಿಗಳನ್ನು ಹತ್ತಿಯಲ್ಲಿ ಸುತ್ತಿ ಕಳಿಸುತ್ತಿದ್ದರು. ಅವನ ಕೈಗೆ ಹೆಸರಿತ್ತು. ಹೆಸರು ಬಂದ ಕೈ ಒಂದೊಂದು ಸಲ ಯಜಮಾನನ ಮಾತನ್ನೇ ಕೇಳುವುದಿಲ್ಲ.

ಅವನ ಗಾಜಿನ ಕಪಾಟಿನಲ್ಲಿ ಒಂದು ಗಾಡಿಗೆ ಬೇರೆಯೇ ಜಾಗ. ಆಟಗಾರರು ಅದನ್ನು ತೇಲುಕೋಟೆ ಎನ್ನುತ್ತಿದ್ದರು. ಕಂಪನಿ ಮೊದಲು ಅದನ್ನು ಲೋಹದಲ್ಲಿ ಎರೆದಿತ್ತು, ಇಡೀ ಗಟ್ಟಿ. ಆಮೇಲೆ ಅದೇ ಆಕಾರವನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿತು, ಒಳಗೆ ಟೊಳ್ಳು. ಪ್ಲಾಸ್ಟಿಕ್ಕಿನದು ಎಲ್ಲಾದರೂ ಸಿಕ್ಕೀತು. ಲೋಹದ್ದು ಸಿಗುವುದಿಲ್ಲ. ಅವನು ಹನ್ನೊಂದು ವರ್ಷ ಹುಡುಕಿ ಅದನ್ನು ಪಡೆದಿದ್ದ. ಬಣ್ಣ ಬಳಿಯಲೂ ಮನಸ್ಸು ಬಾರದೆ ಹಾಗೇ ಇಟ್ಟಿದ್ದ. ದಿನಕ್ಕೊಮ್ಮೆ ಒರೆಸುತ್ತಿದ್ದ. ಹೆಂಡತಿ ಅದನ್ನು ಸವತಿ ಎಂದು ಕರೆಯುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಬಂದರು. ಊರಿನವರಿಗೆಲ್ಲ ಅವರು ಟೀಚರ್. ಅರವತ್ತು ದಾಟಿತ್ತು. ಕರ್ಚೀಫು ಬಿಚ್ಚಿ ಒಂದು ಗಾಡಿಯನ್ನು ಮೇಜಿನ ಮೇಲಿಟ್ಟರು. ಅದೂ ತೇಲುಕೋಟೆಯೇ. ಹೊಗೆ ಹಿಡಿದು ಕಪ್ಪಾಗಿತ್ತು, ಬಣ್ಣ ಚಕ್ಕೆ ಎದ್ದಿತ್ತು, ನಳಿಕೆ ಮುರಿದಿತ್ತು. ತೀರಿಹೋದ ತಮ್ಮನದು, ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಅವನಿಗೆ ತಂದುಕೊಟ್ಟದ್ದು ಎಂದರು. ತಮ್ಮ ಬಳಿದಿದ್ದ ಬಣ್ಣವೇ ಹೊಸದಾಗಿ ಕಾಣುವಂತೆ ಮಾಡಿಕೊಡಬೇಕು. ಅಮ್ಮನಿಗೆ ಎಂಬತ್ತೆಂಟು. ಅವಳ ಕಣ್ಣಿಗೆ ಬೆಳಕಿರುವಾಗಲೇ ಒಮ್ಮೆ ತೋರಿಸಬೇಕು ಎಂದರು.

ಸಂಗ್ರಾಹಕ ಗಾಡಿಯನ್ನು ಅಂಗೈಯಲ್ಲಿಟ್ಟು ಎರಡು ಸಲ ತೂಗಿದ. ಭಾರವಾಗಿತ್ತು.

“ಗಟ್ಟಿ ಲೋಹ ಟೀಚರ್. ಒಂದು ವಾರ ಬಿಟ್ಟು ಬನ್ನಿ,” ಎಂದ.

ಅವನ ಕಸುಬಿನಲ್ಲಿ ಒಂದು ನಿಯಮವಿದೆ. ಯಾವ ಗಾಡಿಯನ್ನೂ ಥಿನ್ನರಿಗೆ ಹಾಕುವ ಮೊದಲು ಹತ್ತಿಯ ತುದಿಯನ್ನು ಅದರಲ್ಲಿ ಅದ್ದಿ ಗಾಡಿಯ ತಳಕ್ಕೆ ಒತ್ತಿ ನೋಡಬೇಕು. ಹತ್ತಿ ಅಂಟಿಕೊಂಡರೆ ಪ್ಲಾಸ್ಟಿಕ್ಕು, ಥಿನ್ನರಿನಲ್ಲಿ ಕರಗಿಹೋಗುತ್ತದೆ. ಅಂಟದಿದ್ದರೆ ಲೋಹ, ಏನೂ ಆಗುವುದಿಲ್ಲ. ಹೊಸಬನಿಗೆ ಮೊದಲ ದಿನ ಕಲಿಸುವ ಪಾಠ ಇದು. ಅವನೇ ಎಷ್ಟೋ ಜನಕ್ಕೆ ಕಲಿಸಿದ್ದ. ಆ ದಿನ ಅವನು ನೋಡಲಿಲ್ಲ. ಕೈ ಹೇಳಿತ್ತು, ಸಾಕಾಯಿತು. ಎಲ್ಲ ಬದಿಯಿಂದ ಗಾಡಿಯ ಫೋಟೋ ತೆಗೆದುಕೊಂಡ, ಅಷ್ಟು ಎಚ್ಚರ ಇತ್ತು. ಆಮೇಲೆ ಗಾಜಿನ ಬಟ್ಟಲಿನಲ್ಲಿ ಥಿನ್ನರ್ ಸುರಿದು, ಗಾಡಿಯನ್ನು ಇಳಿಬಿಟ್ಟು, ಊಟಕ್ಕೆ ಹೋದ.

ಅವನು ಮರೆತದ್ದು ಒಂದು ಸಣ್ಣ ಸಂಗತಿ. ನಮ್ಮ ಕಡೆ ಮನೆಯೊಳಗೆ ಮೇಲೆ ಫ್ಯಾನು ತಿರುಗುತ್ತದೆ, ಕೆಳಗೆ ಯುದ್ಧ ನಡೆಯುತ್ತದೆ. ಟೊಳ್ಳು ಗಾಡಿಗಳು ಫ್ಯಾನಿನ ಗಾಳಿಗೇ ಸರಿದುಹೋಗುತ್ತವೆ. ಅದಕ್ಕೆ ಇಲ್ಲಿಯ ಹುಡುಗರು ಅವುಗಳ ತಳ ಕೊರೆದು, ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ತುಂಬಿ, ಕೊಳಾಯಿಗೆ ಹಚ್ಚುವ ಗಟ್ಟಿ ಅಂಟಿನಿಂದ ಮುಚ್ಚಿ, ಮೇಲೆ ಬಣ್ಣ ಬಳಿಯುತ್ತಿದ್ದರು. ಅವನೂ ಹುಡುಗನಾಗಿದ್ದಾಗ ಹಾಗೆ ಮಾಡಿದ್ದವನೇ. ಆದರೆ ಹೆಸರು ಬಂದ ಮೇಲೆ ಹುಡುಗನಾಗಿದ್ದದ್ದು ಯಾರಿಗೆ ನೆನಪಿರುತ್ತದೆ?

ಊಟ ಮುಗಿಸಿ ಬಂದು ನೋಡಿದ. ಬಟ್ಟಲಿನಲ್ಲಿ ಕೋಟೆ ಇರಲಿಲ್ಲ. ಬಾಣಲೆಯಲ್ಲಿ ಬೆಲ್ಲ ಕರಗಿದಂತೆ ಕುಸಿದು ಕೂತಿತ್ತು. ಇಕ್ಕಳ ಹಾಕಿ ಎತ್ತಿದರೆ ಅಂಟು ಅಂಟಾಗಿ ಎಳೆ ಬಂತು. ಗೋಪುರ ಎಲ್ಲಿ, ತಳ ಎಲ್ಲಿ ತಿಳಿಯಲಿಲ್ಲ. ನಡುವೆ ಉಳಿದದ್ದು ನೆಲ್ಲಿಕಾಯಿಯಷ್ಟು ದಪ್ಪದ ಒಂದು ಉಂಡೆ. ಗಟ್ಟಿ ಅಂಟಿನಲ್ಲಿ ಕಚ್ಚಿಕೊಂಡ ಸೀಸದ ಗುಂಡುಗಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅವನು ಟೀಚರ್ ಕೊಟ್ಟಿದ್ದ ನಂಬರಿಗೆ ಫೋನು ಮಾಡಲು ಎರಡು ಸಲ ಹೋದ, ಎರಡು ಸಲವೂ ಕೆಳಗಿಟ್ಟ. ಏನೆಂದು ಹೇಳುವುದು? ಮೊದಲ ದಿನದ ಪಾಠ ಮರೆತೆ ಎಂದೇ? ನಾಳೆ ಊರೂರಿಗೆ ಸುದ್ದಿ ಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬ ಗಾದೆ ಅವನಿಗೂ ಗೊತ್ತಿತ್ತು. ಅದಕ್ಕೇ ಮಾನ ಹೋಗುವ ಮೊದಲೇ ಆನೆ ಕೊಟ್ಟುಬಿಡೋಣ ಎಂದುಕೊಂಡ. ಎದ್ದು ಗಾಜಿನ ಕಪಾಟು ತೆರೆದ.

ಹನ್ನೊಂದು ವರ್ಷ ಹುಡುಕಿದ ತೇಲುಕೋಟೆಯನ್ನು ಮೇಜಿನ ಮೇಲಿಟ್ಟ. ಫೋಟೋಗಳನ್ನು ಎದುರಿಗೆ ಹರಡಿಕೊಂಡ. ಐದು ದಿನ ಬಣ್ಣ ಬಳಿದ. ಆ ಹುಡುಗ ಎಲ್ಲಿ ಪಟ್ಟೆಯನ್ನು ಸೊಟ್ಟಗೆ ಎಳೆದಿದ್ದನೋ ಅಲ್ಲಿ ಇವನೂ ಸೊಟ್ಟಗೆ ಎಳೆದ. ಎಲ್ಲಿ ಹಸಿರು ಹಳದಿಯ ಮೇಲೆ ಹರಿದಿತ್ತೋ ಅಲ್ಲಿ ಹರಿಸಿದ. ಸಂಕಟಪಟ್ಟ, ಅದು ಸುಳ್ಳಲ್ಲ. ಉಂಡೆಯನ್ನು ಹಳೆಯ ಸೀಸದ ಡಬ್ಬಿಗೆ ಹಾಕಿದ. ಆ ಕಸುಬಿನವರು ಸೀಸ ಎಸೆಯುವುದಿಲ್ಲ, ಕರಗಿಸಿ ಇನ್ನೊಂದು ಗಾಡಿಗೆ ನಳಿಕೆ ಎರೆಯುತ್ತಾರೆ.

ಟೀಚರ್ ಬಂದರು. ಗಾಡಿಯನ್ನು ಕೈಗೆತ್ತಿಕೊಂಡರು. ಸೊಟ್ಟ ಪಟ್ಟೆಯ ಮೇಲೆ ಬೆರಳಾಡಿಸಿದರು. ಕಣ್ಣು ತುಂಬಿತು. ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದರು.

ಅವರು ಹೋದ ಮೇಲೆ ಅವನಿಗೆ ಮೈ ಹಗುರಾಯಿತು. ಲೆಕ್ಕ ಸರಿಯಾಗಿಯೇ ಇದೆ ಅನ್ನಿಸಿತು. ಆಕೆಯದು ಪ್ಲಾಸ್ಟಿಕ್ಕು, ನಾನು ಕೊಟ್ಟದ್ದು ಲೋಹ. ಆಕೆಗೆ ಸಂತೋಷ. ಕಳೆದುಕೊಂಡವನು ನಾನೊಬ್ಬನೇ. ಸಂಜೆಯ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅವನು ತಪ್ಪು ಮಾಡಿದವನಿಂದ ದಾನ ಮಾಡಿದವನಾಗಿ ಬಡ್ತಿ ಪಡೆದಿದ್ದ. ಮನುಷ್ಯ ತನಗೆ ತಾನೇ ಕೊಟ್ಟುಕೊಳ್ಳುವ ಬಡ್ತಿಗೆ ತಡವೇ ಆಗುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಟೀಚರ್ ಮತ್ತೆ ಬಂದರು. ಓಡಿ ಬಂದವರಂತೆ ಉಸಿರು ಎಳೆಯುತ್ತಿದ್ದರು. ಗಾಡಿಯನ್ನು ಮೇಜಿನ ಮೇಲಿಟ್ಟು ಎದುರಿನ ಸ್ಟೂಲಿನ ಮೇಲೆ ಕುಳಿತರು. ಅವರು ಹೇಳಿದ್ದು ಇಷ್ಟು.

ತಮ್ಮನ ಹೆಸರು ಫಾಲಾಕ್ಷ. ಅವನಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಅಮ್ಮನ ಮೂಗುಬೊಟ್ಟು ಕಾಣೆಯಾಯಿತು. ಟ್ರಂಕಿನ ಹತ್ತಿರ ಅವನು ಓಡಾಡಿದ್ದನ್ನು ಯಾರೋ ನೋಡಿದ್ದರು. ಅಪ್ಪ ಹೊಡೆದ. ಹುಡುಗ ಮನೆ ಬಿಟ್ಟು ಹೋದ. ಎರಡು ತಿಂಗಳಿಗೆ ಯಾವುದೋ ಊರಿನಲ್ಲಿ ಕಾಮಾಲೆ ಆಗಿ ಸತ್ತ. ಅಂದಿನಿಂದ ಆ ಮನೆಯಲ್ಲಿ ಅವನು ಕಳ್ಳ. ತನ್ನ ತಮ್ಮ ಅಂಥವನಲ್ಲ ಎಂದವರು ಅಕ್ಕ ಒಬ್ಬರೇ. ಅಮ್ಮ ಅವನ ಹೆಸರನ್ನೇ ಎತ್ತುತ್ತಿರಲಿಲ್ಲ.

“ನಿನ್ನೆ ಈ ಗಾಡೀನ ಕೈಲಿ ಹಿಡ್ಕಂಡು ಅಮ್ಮ ಬಾಯಿಬಿಟ್ಟಳು ನೋಡಪ್ಪಾ,” ಎಂದರು ಟೀಚರ್. “ಅವತ್ತು ಹೊರಡೋ ಮುಂಚೆ ಅವನು ಅಡಿಗೆಮನೆಗೆ ಬಂದು ಹೇಳಿದ್ದನಂತೆ. ‘ಅಪ್ಪ ಇಸ್ಪೀಟಿಗೆ ಒಯ್ತಾನೆ ಅಂತ ನಾನೇ ತೆಗೆದಿಟ್ಟೀನಮ್ಮಾ. ಗಾಡಿ ಒಳಗೈತೆ. ಅಪ್ಪಂಗೆ ಹೇಳಬ್ಯಾಡ’ ಅಂತ. ಇಷ್ಟು ಗಟ್ಟಿ ಗಾಡಿ, ಬಾಗಿಲಿಲ್ಲ ಬೀಗ ಇಲ್ಲ, ಇದರೊಳಗೆ ಹೆಂಗೆ ಇಡ್ತಾನೆ ಅಂತ ಅಮ್ಮ ನಂಬಲಿಲ್ಲ. ಒಲೆ ಮ್ಯಾಲಿನ ಗೂಡಿಗೆ ಎಸೆದಳು. ಅವನು ಸತ್ತ ಮ್ಯಾಲೆ ತೆಗೆದು ನೋಡೋಕೆ ಹೆದರಿಕೆ ಆಯ್ತಂತೆ. ಇದ್ದುಬಿಟ್ಟರೆ ಏನು ಗತಿ ಅಂತ. ನಲವತ್ತು ವರ್ಷ ಯಾರಿಗೂ ಹೇಳದೆ ಇದ್ದಳು. ಈಗ ನೋಡಲೇಬೇಕು ಅಂತಾಳೆ. ಕೊಯ್ದು ನೋಡು. ನನ್ನ ಎದುರಿಗೇ ಕೊಯ್ಯಿ.”

ಸಂಗ್ರಾಹಕನ ಮೊಣಕೈಗೆ ಒಂದು ಗೇಣು ದೂರದಲ್ಲಿ ಸೀಸದ ಡಬ್ಬಿ ಇತ್ತು. ಅದರೊಳಗೆ ಆ ಉಂಡೆ ಇತ್ತು. ಅವನು ಅತ್ತ ನೋಡಲಿಲ್ಲ. ನೋಡದೆ ಇರುವುದಕ್ಕೆ ಎಷ್ಟು ಬಲ ಬೇಕೋ ಅಷ್ಟನ್ನೂ ಕುತ್ತಿಗೆಗೆ ಕೊಟ್ಟು ಕುಳಿತ.

“ಹಾಳಾಗ್ತದೆ ಟೀಚರ್. ಇಂಥದು ಇನ್ನೊಂದು ಸಿಗಲ್ಲ,” ಎಂದ. ಆ ದಿನ ಅವನು ಆಡಿದ ಒಂದೇ ಒಂದು ನಿಜವಾದ ಮಾತು ಅದು.

“ಹಾಳಾಗಲಿ,” ಎಂದರು ಟೀಚರ್.

ಅವನು ಗಾಡಿಯನ್ನು ಮೇಜಿನಂಚಿನ ಇಕ್ಕಳಕ್ಕೆ ಸಿಕ್ಕಿಸಿ ಬಿಗಿದ. ಅಕ್ಕಸಾಲಿಗರ ಸಣ್ಣ ಗರಗಸ ತೆಗೆದುಕೊಂಡ. ಮೊದಲು ಬಣ್ಣ ಸೀಳಿತು, ಆಮೇಲೆ ಬೆಳ್ಳಿಯಂಥ ಪುಡಿ ಉದುರಿತು. ಟೀಚರ್ ಬಗ್ಗಿದರು. ಗರಗಸದ ಅಲಗು ಒಳಗಿಳಿದಷ್ಟೂ ಅವರ ಮುಖ ಹತ್ತಿರ ಬಂತು. ಒಳಗೆ ಏನೂ ಇಲ್ಲ ಎಂಬುದು ಅವನಿಗೆ ಗೊತ್ತು. ಆದರೂ ಏನಾದರೂ ಸಿಗಲಿ ಎಂದು ದೇವರನ್ನು ಬೇಡಿಕೊಳ್ಳುತ್ತಾ ಕೊಯ್ದ. ಅವನ ಪ್ರಾಣದಂಥ ವಸ್ತು ಅವನ ಕೈಯಲ್ಲೇ ಎರಡಾಗುತ್ತಿತ್ತು, ಆ ನೋವು ಆ ಹೊತ್ತಿಗೆ ಅವನಿಗೆ ಗೊತ್ತಾಗಲೇ ಇಲ್ಲ. ಗೊತ್ತಾದದ್ದು ಭಯ ಒಂದೇ.

ಅರ್ಧ ಕೊಯ್ದಾಗ ಅವನ ಕೈ ನಿಂತಿತು.

“ಸಿಕ್ತಾ?” ಎಂದರು ಟೀಚರ್. ಅವರ ಕೆನ್ನೆ ಕೆಂಪಾಗಿತ್ತು. ಅಷ್ಟು ಆಸೆ ಇತ್ತು ಆ ಮುಖದಲ್ಲಿ.

ಅವನು ಹೇಳಬಹುದಾಗಿದ್ದ ಗಳಿಗೆ ಅದು. ಡಬ್ಬಿಯನ್ನು ಎಳೆದು ಮುಂದಿಡಬಹುದಾಗಿತ್ತು. ಒಂದೇ ವಾಕ್ಯ ಸಾಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

“ಇಲ್ಲ ಟೀಚರ್. ಅಲಗು ಬಿಸಿಯಾಗಿದೆ,” ಎಂದು ಹೇಳಿ, ಊದಿ, ಮತ್ತೆ ಕೊಯ್ದ.

ಗಾಡಿ ಎರಡು ಹೋಳಾಗಿ ಬಿತ್ತು. ಎರಡೂ ಹೋಳು ಗಟ್ಟಿ. ಒಂದು ಸಾಸಿವೆ ಹಿಡಿಯುವಷ್ಟೂ ಟೊಳ್ಳಿರಲಿಲ್ಲ. ಟೀಚರ್ ಒಂದು ಹೋಳನ್ನು ಎತ್ತಿಕೊಂಡು ಕೊಯ್ದ ಮೈಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಉಜ್ಜಿದರೆ ಬಾಗಿಲು ತೆರೆದೀತು ಎಂಬಂತೆ ಮತ್ತೆ ಮತ್ತೆ ಉಜ್ಜಿದರು. ಆಮೇಲೆ ಮೆಲ್ಲಗೆ ಕೆಳಗಿಟ್ಟರು.

“ಅಮ್ಮ ಅವನನ್ನ ನಂಬದೇ ಇದ್ದದ್ದೇ ಸರಿ ಆಯ್ತು,” ಎಂದರು. “ನಲವತ್ತು ವರ್ಷ ಅವಳ ಹತ್ರ ಜಗಳ ಆಡೀನಿ, ಇವನಿಗೋಸ್ಕರ.”

ಸಂಗ್ರಾಹಕ ಬಾಯಿ ತೆರೆದ. ಹೊರಗೆ ಬಂದದ್ದು ಬೇರೆ ಮಾತು.

“ನೀರು ಕುಡೀತೀರಾ ಟೀಚರ್?”

ಅವರು ಬೇಡವೆಂದು ತಲೆಯಾಡಿಸಿದರು. ಹೋಳುಗಳನ್ನು ಒಯ್ಯಲಿಲ್ಲ. ಕರ್ಚೀಫನ್ನು ಮಾತ್ರ ಮಡಿಸಿಕೊಂಡು ಮೆಟ್ಟಿಲಿಳಿದು ಹೋದರು.

ಅವನು ಬಾಗಿಲು ಹಾಕಿಕೊಂಡು ಒಂದು ಸಮಾಧಾನ ಹುಡುಕಿದ. ಹುಡುಕುವವನಿಗೆ ಅದು ಸಿಕ್ಕೇ ಸಿಗುತ್ತದೆ. ಮುದುಕಿಗೆ ಎಂಬತ್ತೆಂಟು ವರ್ಷ. ಮಗ ನಿಜ ಹೇಳಿದ್ದ, ನಾನೇ ನಂಬಲಿಲ್ಲ ಎಂದು ಗೊತ್ತಾದರೆ ಆಕೆ ಬದುಕುತ್ತಾಳೆಯೇ? ನಾನು ಸುಮ್ಮನಿದ್ದದ್ದರಿಂದ ಆ ಜೀವ ನೆಮ್ಮದಿಯಾಗಿ ಹೋಗುತ್ತದೆ. ಹೀಗೆಂದುಕೊಂಡ. ಸುಳ್ಳು ಯಾವತ್ತೂ ಒಂಟಿಯಾಗಿ ತಿರುಗಾಡುವುದಿಲ್ಲ, ಕರುಣೆಯ ಕೈ ಹಿಡಿದುಕೊಂಡೇ ಬರುತ್ತದೆ. ಅಷ್ಟಾದರೂ ಒಂದು ಆಸೆ ಉಳಿದಿತ್ತು ಅವನಿಗೆ. ಆ ಹುಡುಗ ನಿಜವಾಗಿಯೂ ಸುಳ್ಳು ಹೇಳಿರಬಾರದೇಕೆ? ಹೇಳಿದ್ದರೆ ನನ್ನ ಮೇಲೆ ಏನೂ ಇಲ್ಲ.

ಡಬ್ಬಿಯಿಂದ ಉಂಡೆ ತೆಗೆದು ಇಕ್ಕಳದಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆದ. ಮೂರನೆಯ ಏಟಿಗೆ ಅಂಟು ಸೀಳಿತು. ಗುಂಡುಗಳು ಮೇಜಿನ ಮೇಲೆ ಉರುಳಿದವು. ನಡುವೆ ದಾರ ಸುತ್ತಿದ ಒಂದು ಸಣ್ಣ ಗಂಟು. ದಾರ ಬಿಚ್ಚಿದ. ಏಳು ಹರಳಿನ ಮೂಗುಬೊಟ್ಟು. ಒಂದು ಹರಳೂ ಅಲುಗಿರಲಿಲ್ಲ. ಹುಡುಗ ಅಷ್ಟು ಜೋಪಾನವಾಗಿ ಇಟ್ಟಿದ್ದ.

ಅವನು ಅದನ್ನು ಮುಷ್ಟಿಯಲ್ಲಿ ಹಿಡಿದು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದ. ಟೀಚರ್ ಮನೆ ಇದ್ದ ಬೀದಿಗೆ ಬಂದ. ಬಾಗಿಲು ತೆರೆದಿತ್ತು. ಒಳಗೆ ಮಂಚದ ಮೇಲೆ ಮುದುಕಿ ಕೂತು ಗಂಜಿ ಕುಡಿಯುತ್ತಿದ್ದಳು. ಟೀಚರ್ ಕುರ್ಚಿಯ ಮೇಲೆ ಹತ್ತಿ ಗೋಡೆಯಿಂದ ಒಬ್ಬ ಹುಡುಗನ ಫೋಟೋ ಇಳಿಸುತ್ತಿದ್ದರು. ಹಾರವನ್ನು ಬಿಡಿಸಿ, ಗಾಜಿನ ಧೂಳನ್ನು ಸೆರಗಿನಿಂದ ಒರೆಸಿ, ಮುಖ ಕೆಳಗಾಗಿ ಟ್ರಂಕಿನೊಳಗಿಟ್ಟರು.

ಅವನು ಹೊಸ್ತಿಲ ಹೊರಗೆ ನಿಂತಿದ್ದ. ಒಂದು ಹೆಜ್ಜೆ ಇಟ್ಟಿದ್ದರೆ ಒಳಗಿರುತ್ತಿದ್ದ. ಬೆಳಿಗ್ಗೆ ಹೇಳಿದ್ದರೆ ಕೈತಪ್ಪಿ ಆದದ್ದು ಎಂಬ ಒಂದು ಮಾತಾಗುತ್ತಿತ್ತು. ಈಗ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಅವನಿಗೆ ಹೆಸರು ಸಿಗಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡು ತಿರುಗಿದ. ಮರುದಿನವೂ ನಾಳೆ ಎಂದ. ಮುದುಕಿ ಹೋದಳು. ಟೀಚರ್ ಊರು ಬಿಟ್ಟರು. ಅವನು ಇವತ್ತಿಗೂ ನಾಳೆ ಎನ್ನುತ್ತಲೇ ಇದ್ದಾನೆ.

ಗುರುಗಳು ಕತೆ ನಿಲ್ಲಿಸಿದರು. ಮೊರದಲ್ಲಿ ಕಾಳು ಹಾಗೇ ಇತ್ತು. ನಿರುಪಾದಿಗೆ ಕುಳಿತಲ್ಲಿ ಕೂರಲಾಗಲಿಲ್ಲ.

“ಆದರೂ ಗುರುಗಳೇ,” ಎಂದ, “ಅವನು ತನ್ನ ಜೀವಕ್ಕಿಂತ ಹೆಚ್ಚಿನದನ್ನೇ ಕೊಟ್ಟುಬಿಟ್ಟನಲ್ಲ. ಯಾರದ್ದನ್ನೂ ಕದಿಯಲಿಲ್ಲವಲ್ಲ. ನಾನೂ ಹಾಗೇ, ಹಾಳಾದದ್ದಕ್ಕಿಂತ ಒಳ್ಳೆಯದನ್ನೇ ಇಟ್ಟಿದ್ದೇನೆ.”

ಗುರುಗಳು ಆಗ ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದರು.

“ಇಟ್ಟಿದ್ದೀಯ ಸರಿ, ನೀನು ಸುಮ್ಮನಿರುವುದರಿಂದ, ನೀನು ಇಟ್ಟುಬಂದ ಆ ಮನೆಯಲ್ಲಿ ಈಗ ಯಾರು ಕಳ್ಳ?”